ಶಾಂತಿ ಸಭೆಗೂ ಮೊದಲು ಬೇರೆ ಬೇರೆ ಕೂರಿಸಿ

ಮಾನ್ಯ ಸಂಪಾದಕರೇ,

ಗಣೇಶ ವಿಸರ್ಜನೆ, ಈದ್ ಮಿಲಾದ್ ಹತ್ತಿರ ಬಂದರೆ ಠಾಣೆಗಳಲ್ಲಿ ಶಾಂತಿ ಸಮಿತಿ ಸಭೆ ಸೇರುತ್ತದೆ. ಹೊರರಾಜ್ಯದ ಕಾರ್ಮಿಕರಿಗೂ ಸ್ಥಳೀಯರಿಗೂ ಜಟಾಪಟಿಯಾದಾಗಲೂ ಅದೇ ಕ್ರಮ: ಮುಖಂಡರ ಭಾಷಣ, ಚಹಾ, ಕೈಕುಲುಕುವ ಫೋಟೊ. ನಿಜವಾಗಿ ಹೆದರಿದವರು ಆ ಕೋಣೆಗೆ ಬಂದೇ ಇರುವುದಿಲ್ಲ.

‘ಹೆದರಬೇಡಿ, ನಾವಿದ್ದೇವೆ’ ಎಂಬ ಮಾತಿನ ಮಿತಿಯನ್ನು ಬೆಂಗಳೂರು 2012ರ ಆಗಸ್ಟ್‌ನಲ್ಲೇ ಕಂಡಿದೆ. ಅಸ್ಸಾಂನ ಕೊಕ್ರಝಾರ್ ಗಲಭೆಯ ಬೆನ್ನಿಗೆ, ಇಲ್ಲಿ ಈಶಾನ್ಯದವರ ಮೇಲೆ ದಾಳಿಯಾಗುತ್ತದೆಂಬ ಗಾಳಿಸುದ್ದಿ ಮೊಬೈಲ್‌ಗಳಲ್ಲಿ ಹರಿದಾಡಿತು. ಸಚಿವರು, ಅಧಿಕಾರಿಗಳು ರೈಲು ನಿಲ್ದಾಣಕ್ಕೇ ಹೋಗಿ ಭರವಸೆ ಕೊಟ್ಟರೂ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ಊರಿಂದ ಮನೆಯವರು ‘ಬಂದುಬಿಡು’ ಎನ್ನುತ್ತಿರುವಾಗ ಗುರುತಿಲ್ಲದ ಮಂತ್ರಿಯ ಮಾತು ಯಾರ ಕಿವಿಗೆ ಹೋದೀತು?

ಮಧ್ಯಸ್ಥಿಕೆಯ ಕೆಲಸ ಮಾಡುವ ನಮ್ಮ ಸಲಹೆ ಇಷ್ಟು. ಜಂಟಿ ಸಭೆಗೂ ಮೊದಲು ಎರಡೂ ಕಡೆಯವರನ್ನು ಪ್ರತ್ಯೇಕವಾಗಿ ಕೂರಿಸಿ. ಒಮ್ಮೆಗೆ ನಾಲ್ಕೈದು ಜನ, ಮುಕ್ಕಾಲು ಗಂಟೆ. ಹೆಂಗಸರಿಗೆ ಬೇರೆ ಹೊತ್ತು. ಜಾಗ ಸರ್ಕಾರಿ ಶಾಲೆಯಾದರೆ ಒಳ್ಳೆಯದು, ಠಾಣೆಯಂತೂ ಬೇಡ. ಪೊಲೀಸರು ಗೇಟಿನ ಬಳಿ ಇರಲಿ, ಒಳಗೆ ಬೇಡ. ‘ಯಾಕೆ ಭಯ?’ ಎಂದು ಕೇಳಿದರೆ ಜನ ಹಳೆಯ ಜಗಳಗಳನ್ನೆಲ್ಲ ಕೆದಕುತ್ತಾರೆ. ‘ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ?’ ಎಂದು ಕೇಳಿ. ‘ರಾತ್ರಿ ಪಾಳಿ ಮುಗಿಸಿ ಹನ್ನೊಂದಕ್ಕೆ ಬರುವಾಗ ಬೇಕರಿ ತಿರುವಿನಲ್ಲಿ ಗುಂಪು ನಿಂತಿರುತ್ತದೆ’ ಎನ್ನುತ್ತಾರೆ. ಇದಕ್ಕೆ ಬೀದಿದೀಪವಿದೆ, ಬೀಟ್ ಪೊಲೀಸರ ಸಮಯ ಬದಲಿಸಬಹುದು, ಬೇಕರಿಯವರಿಗೆ ಒಂದು ಮಾತು ಹೇಳಬಹುದು. ಬರೀ ‘ಭಯ’ಕ್ಕೆ ಇವ್ಯಾವುವೂ ಒದಗುವುದಿಲ್ಲ.

ಹೆಚ್ಚು ಎಡವಟ್ಟಾಗುವುದು ಭಾಷಾಂತರದಲ್ಲಿ. ಕಾರ್ಮಿಕರ ಮಾತನ್ನು ಮೇಸ್ತ್ರಿಯೇ ಕನ್ನಡಕ್ಕೆ ಹೇಳುವುದು ನಮ್ಮಲ್ಲಿ ಮಾಮೂಲು. ಕೂಲಿ ಬಟವಾಡೆ ಅವನ ಕೈಯಲ್ಲಿರುವಾಗ ದೂರು ಹೇಳುವವರು ಯಾರು? ಮಕ್ಕಳಿಂದ ಹೇಳಿಸುವುದೂ ಸಲ್ಲ. ಎರಡೂ ಕಡೆಗೆ ಸೇರದವರೊಬ್ಬರು ಬೇಕು. ಅವರು ಎರಡು ಮೂರು ವಾಕ್ಯಕ್ಕೊಮ್ಮೆ ನಿಲ್ಲಿಸಿ, ಸ್ವಂತದ್ದು ಸೇರಿಸದೆ, ಮಾತಾಡಿದವರ ‘ನಾನು’ವನ್ನು ‘ಅವನು’ ಎಂದು ಬದಲಿಸದೆ ‘ನಾನು’ ಎಂದೇ ಹೇಳಬೇಕು. ಹೀಗೆ ಮಾಡಿದರೆ ಸಮಯ ದುಪ್ಪಟ್ಟಾಗುತ್ತದೆ, ಆಗಲಿ. ತಲೆ ತಗ್ಗಿಸಿ ಕೂತವರು ತಪ್ಪೊಪ್ಪಿಕೊಂಡರು ಎಂದು ತಿಳಿಯುವುದು ಇನ್ನೊಂದು ಪ್ರಮಾದ. ಹಿರಿಯರ ಎದುರು ಕಣ್ಣೆತ್ತಿ ಮಾತಾಡದಿರುವುದು ಹಲವು ಕಡೆ ಬರೀ ಮರ್ಯಾದೆ.

ಗಾಳಿಸುದ್ದಿಗೆ ಪ್ರತಿ ಕಡೆಯಿಂದ ಇಬ್ಬರನ್ನು ಮೊದಲೇ ಗೊತ್ತುಮಾಡಿ. ಸಂದೇಶ ಬಂದ ಅರ್ಧ ಗಂಟೆಯೊಳಗೆ ಅವರು ಪರಸ್ಪರ ಫೋನ್ ಮಾಡಿ ವಿಚಾರಿಸಿ, ತಮ್ಮವರಿಗೆ ತಮ್ಮ ಭಾಷೆಯಲ್ಲೇ ಧ್ವನಿ ಸಂದೇಶ ಕಳಿಸಲಿ. ಸುಳ್ಳು ಸುದ್ದಿಯನ್ನೇ ಮತ್ತೆ ಹೇಳಿ ಅಲ್ಲಗಳೆಯಬಾರದು, ಕೇಳದವರ ಕಿವಿಗೂ ಅದು ಬೀಳುತ್ತದೆ. ‘ಆ ರಸ್ತೆಯಲ್ಲಿ ಅಂಗಡಿಗಳು ತೆರೆದಿವೆ, ಬಸ್ ಓಡುತ್ತಿದೆ’ ಎಂದರೆ ಸಾಕು.

ಪತ್ರಿಕೆಗಳಲ್ಲೂ ಒಂದು ಕೋರಿಕೆ: ಮೊದಲ ದಿನವೇ ಸಭೆಯ ಫೋಟೊ, ಹೆಸರು ಹಾಕಬೇಡಿ. ‘ಅವರ ಜೊತೆ ಕೂತು ಬಂದ’ ಎಂದು ತಮ್ಮವರಿಂದಲೇ ಬೈಸಿಕೊಂಡವರು ಎರಡನೇ ಸಭೆಗೆ ಬರುವುದಿಲ್ಲ.

2023ರ ಮಧ್ಯಸ್ಥಿಕೆ ಕಾಯ್ದೆಯ 43ನೇ ಕಲಂ, ಬಡಾವಣೆಯ ನೆಮ್ಮದಿ ಕೆಡಿಸಬಹುದಾದ ವ್ಯಾಜ್ಯಗಳಿಗೆ, ಎರಡೂ ಕಡೆ ಒಪ್ಪಿದರೆ, ಮೂವರು ಸಮುದಾಯ ಮಧ್ಯಸ್ಥರ ಮಂಡಳಿಯ ದಾರಿ ತೋರಿಸುತ್ತದೆ. ಅಲ್ಲಿಯ ಒಪ್ಪಂದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿಲ್ಲ. ಹಾಗಾಗಿ ಯಾರು, ಏನು, ಯಾವ ದಿನದೊಳಗೆ ಮಾಡಬೇಕೆಂಬುದನ್ನು ಎರಡೂ ಭಾಷೆಯಲ್ಲಿ ಬರೆದು, ಓದಲು ಬಾರದವರಿಗಾಗಿ ಗಟ್ಟಿಯಾಗಿ ಓದಿ ಹೇಳಿ, ಮೂರನೆಯ ಮತ್ತು ಹದಿನೈದನೆಯ ದಿನ ಮತ್ತೆ ಸೇರುವ ತಾರೀಕನ್ನು ಅದರಲ್ಲೇ ನಮೂದಿಸಬೇಕು.

– ಕೆಲವು ಮಧ್ಯಸ್ಥಿಕೆದಾರರು, ಬೆಂಗಳೂರು