ರಾಜ್ಯಶಾಸ್ತ್ರಕ್ಕೂ ಬೇಕು ಪ್ರಾಯೋಗಿಕ ಪಾಠ

ಮಾನ್ಯ ಸಂಪಾದಕರೇ,

ಅರಿಸ್ಟಾಟಲನು ಮಾಡಿದ ಸರ್ಕಾರಗಳ ವರ್ಗೀಕರಣವನ್ನು ವಿವರಿಸಿ ಎಂಬ ಪ್ರಶ್ನೆಗೆ ನಾನು ಪದವಿಯಲ್ಲಿ ಒಮ್ಮೆ, ಸ್ನಾತಕೋತ್ತರ ತರಗತಿಯಲ್ಲಿ ಮತ್ತೊಮ್ಮೆ ಉತ್ತರಿಸಿದ್ದೇನೆ. ಆಳುವವನು ಒಬ್ಬನೋ, ಕೆಲವರೋ, ಹಲವರೋ, ಆಳ್ವಿಕೆ ಎಲ್ಲರ ಹಿತಕ್ಕೋ ಆಳುವವರ ಹಿತಕ್ಕೋ ಎಂಬ ಆರು ಮನೆಗಳ ಕೋಷ್ಟಕವನ್ನು ಬರೆದು ಎರಡು ಬಾರಿಯೂ ಒಳ್ಳೆಯ ಅಂಕ ಪಡೆದೆ. ಆತನ ಶಾಲೆಯಲ್ಲಿ 158 ರಾಜ್ಯಗಳ ಸಂವಿಧಾನಗಳ ವಿವರವನ್ನು ಕಲೆಹಾಕಲಾಗಿತ್ತೆಂದು ಪ್ರಾಚೀನ ಮೂಲಗಳು ಹೇಳುತ್ತವೆ ಎಂಬುದಾಗಲಿ, ಅವುಗಳಲ್ಲಿ ಅಥೆನ್ಸಿನ ವಿವರ ಮಾತ್ರ ಈಜಿಪ್ಟಿನಲ್ಲಿ ಸಿಕ್ಕ ಪಪೈರಸ್ ಸುರುಳಿಗಳಿಂದ 1891ರಲ್ಲಿ ಅಚ್ಚಾಯಿತೆಂಬುದಾಗಲಿ ನನಗೆ ತಿಳಿದದ್ದು ಓದು ಮುಗಿಸಿದ ಮೇಲೆ. ನಮಗೆ ಕಲಿಸಿದ್ದು ಕೋಷ್ಟಕವನ್ನು. ಕಲೆಹಾಕಿ ಹೋಲಿಸಿ ನೋಡುವ ಕೆಲಸವನ್ನಲ್ಲ. ಈ ಕೊರತೆ ನನ್ನನ್ನು ಇಂದಿಗೂ ಕಾಡುತ್ತಿದೆ.

ವಿಜ್ಞಾನದ ವಿದ್ಯಾರ್ಥಿಗಳಿಗಿರುವಂತೆ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೂ ಪ್ರಾಯೋಗಿಕ ಪಾಠವಿರಬೇಕು. ಅದಕ್ಕೆ ದುಬಾರಿ ಉಪಕರಣಗಳು ಬೇಕಿಲ್ಲ. 100 ಕ್ಷೇತ್ರಗಳಿರುವ ಒಂದು ಶಾಸನಸಭೆಯನ್ನು ಊಹಿಸಿಕೊಂಡು, ಪ್ರತಿ ಕ್ಷೇತ್ರದಲ್ಲೂ ಮೂರು ಪಕ್ಷಗಳಿಗೆ ಶೇ 40, 35 ಮತ್ತು 25ರಷ್ಟು ಮತ ಬಂದಿವೆಯೆಂದು ಇಟ್ಟುಕೊಳ್ಳೋಣ. ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿಯಲ್ಲಿ ಮೊದಲ ಪಕ್ಷಕ್ಕೆ ನೂರಕ್ಕೆ ನೂರು ಸ್ಥಾನ ದಕ್ಕುತ್ತದೆ; ಪ್ರಮಾಣಾನುಗುಣ ಪ್ರಾತಿನಿಧ್ಯದಲ್ಲಿ ಅದೇ ಮತಗಳು 40, 35, 25 ಸ್ಥಾನಗಳಾಗುತ್ತವೆ. ಈ ಲೆಕ್ಕವನ್ನು ಸ್ವತಃ ಮಾಡಿದ ವಿದ್ಯಾರ್ಥಿಗೆ, ಗೆಲ್ಲಲಾಗದ ಮೂರನೆಯ ಪಕ್ಷಕ್ಕೆ ಹಾಕುವ ಮತ ಪೋಲಾಗುವುದರಿಂದ ಮೊದಲ ಪದ್ಧತಿಯು ಎರಡು ಪಕ್ಷಗಳ ವ್ಯವಸ್ಥೆಯತ್ತ ವಾಲುತ್ತದೆಂದು ಫ್ರಾನ್ಸಿನ ರಾಜ್ಯಶಾಸ್ತ್ರಜ್ಞ ಮೋರಿಸ್ ದುವರ್ಜೆ 1951ರಲ್ಲಿ ಏಕೆ ವಾದಿಸಿದರೆಂಬುದು ಬಾಯಿಪಾಠವಿಲ್ಲದೆ ಅರ್ಥವಾಗುತ್ತದೆ. ಮೂರನೆಯ ಪಕ್ಷದ ಮತಗಳನ್ನೆಲ್ಲ ಕೆಲವೇ ಕ್ಷೇತ್ರಗಳಿಗೆ ಸರಿಸಿ ಲೆಕ್ಕ ಹಾಕಿದರೆ ಆ ವಾದ ಎಲ್ಲಿ ಸಡಿಲಗೊಳ್ಳುತ್ತದೆಂಬುದೂ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ಇದು ಇನ್ನೂ ಮುಖ್ಯವಾದ ಪಾಠ.

ತರಗತಿಯ ಹೊರಗೂ ಕೆಲಸವಿದೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಎಲಿನಾರ್ ಆಸ್ಟ್ರಂ ರಾಜ್ಯಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದವರು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಅಂತರ್ಜಲ ಎತ್ತುತ್ತಿದ್ದವರು, ಸಮುದ್ರದ ಉಪ್ಪುನೀರು ನುಗ್ಗಿ ಜಲಮೂಲ ಕೆಡುತ್ತಿದ್ದಾಗ, ಅದನ್ನು ಉಳಿಸಿಕೊಳ್ಳಲು ಹೇಗೆ ಒಗ್ಗೂಡಿದರೆಂಬುದೇ ಅವರ ಪ್ರಬಂಧದ ವಿಷಯವಾಗಿತ್ತು. ಅಧಿಕಾರ, ನಿಯಮ, ಸಮ್ಮತಿ ಎಂಬ ಪದಗಳು ಸಂಸತ್ತಿಗಷ್ಟೇ ಸೇರಿದವಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆಯನ್ನು ನಾನು ಕಂಡಿಲ್ಲ.

ಅಧ್ಯಾಪಕರ ಮೇಲೆ ಈಗಾಗಲೇ ಹೊರೆಯಿದೆಯೆಂಬುದನ್ನು ಬಲ್ಲೆ. ಆದ್ದರಿಂದ ಪರೀಕ್ಷೆಗೆ ಹೊಸ ವಿಷಯ ಪತ್ರಿಕೆಯೊಂದನ್ನು ಸೇರಿಸಿ ಎಂದು ಕೇಳುತ್ತಿಲ್ಲ. ಪ್ರತಿ ಸೆಮಿಸ್ಟರಿನ ಆಂತರಿಕ ಅಂಕಗಳಿಗಾಗಿ ಪುಸ್ತಕದಿಂದ ನಕಲು ಮಾಡಿಸುವ ನಿಯೋಜಿತ ಬರಹದ ಬದಲು, ಒಂದು ಚುನಾವಣೆಯ ಲೆಕ್ಕವನ್ನೋ, ಎರಡು ಸಂವಿಧಾನಗಳ ಹೋಲಿಕೆಯನ್ನೋ, ಒಂದು ಸಭೆಯ ನಡಾವಳಿಯ ವರದಿಯನ್ನೋ ಬರೆಸಲಿ. ಮುಂದಿನ ಪಠ್ಯಕ್ರಮ ಪರಿಷ್ಕರಣೆಯ ವೇಳೆ ಅಧ್ಯಯನ ಮಂಡಳಿಗಳು ಇಷ್ಟನ್ನಾದರೂ ಪರಿಗಣಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ರಾಜ್ಯಶಾಸ್ತ್ರದ ಹಳೆಯ ವಿದ್ಯಾರ್ಥಿನಿ