ಕಪ್ಪು ಬಿಯರಿಗೆ ಎರಡು ನಿಮಿಷ ಕೊಡಿ

ಮಾನ್ಯ ಸಂಪಾದಕರೇ,

ಮುಂಬಯಿಯ ಬಾರ್ ಮತ್ತು ಪರ್ಮಿಟ್ ರೂಮ್‌ಗಳಲ್ಲಿ ಬಹಳಷ್ಟನ್ನು ನಡೆಸುತ್ತಿರುವವರು ಕರಾವಳಿಯಿಂದ ಬಂದ ನಮ್ಮವರೇ ಆಗಿರುವುದರಿಂದ ಈ ಪತ್ರವನ್ನು ಕನ್ನಡ ಪತ್ರಿಕೆಗೇ ಬರೆಯುತ್ತಿದ್ದೇನೆ. ಗಿನ್ನೆಸ್‌ನಂತಹ ನೈಟ್ರೋಜನ್ ಬೆರೆತ ಕಪ್ಪು ಬಿಯರ್, ಅಂದರೆ ಸ್ಟೌಟ್, ಈಗ ನಗರದ ಹಲವು ಕಡೆ ಸಿಗುತ್ತದೆ. ಗಿರಾಕಿಯಿಂದ ಒಳ್ಳೆಯ ಬೆಲೆಯನ್ನೇ ವಸೂಲು ಮಾಡುತ್ತೇವೆ, ಆದರೆ ಆ ಬೆಲೆ ಯಾವ ಗುಣಕ್ಕಾಗಿಯೋ ಆ ಗುಣವನ್ನು ಸುರಿಯುವಾಗಲೇ ಹಾಳು ಮಾಡುತ್ತೇವೆ.

ಈಚೆಗೆ ಅಂಧೇರಿಯ ಒಂದು ಬಾರ್‌ನಲ್ಲಿ ಕಂಡದ್ದನ್ನು ಹೇಳುತ್ತೇನೆ. ಫ್ರೀಜರ್‌ನಿಂದ ತೆಗೆದ, ಮಂಜು ಕಟ್ಟಿದ ಮಗ್ಗಿಗೆ ವೇಟರ್ ಕ್ಯಾನಿನಲ್ಲಿದ್ದ ಅರ್ಧ ಬಿಯರನ್ನು ಸುರಿದು, ಉಳಿದರ್ಧವನ್ನು ಕ್ಯಾನಿನಲ್ಲೇ ಬಿಟ್ಟು ಹೋದ. ಆ ಕ್ಯಾನನ್ನು ಅಲುಗಿಸಿದರೆ ಒಳಗೊಂದು ಚೆಂಡು ಗಲಗಲ ಎನ್ನುತ್ತದೆ. ಅದು ನೈಟ್ರೋಜನ್ ತುಂಬಿದ, ಸೂಜಿಮೊನೆಯಷ್ಟು ರಂಧ್ರವಿರುವ ಪ್ಲಾಸ್ಟಿಕ್ ಚೆಂಡು. ಕ್ಯಾನಿನ ಮುಚ್ಚಳ ತೆರೆದು ಒತ್ತಡ ಇಳಿದೊಡನೆ ಆ ರಂಧ್ರದಿಂದ ಅನಿಲವೂ ಬಿಯರೂ ಚಿಮ್ಮಿ, ಇಡೀ ದ್ರವದಲ್ಲಿ ಕಿರುಗುಳ್ಳೆಗಳೇಳುತ್ತವೆ. ಈ ಏರ್ಪಾಡು ಕೆಲಸ ಮಾಡುವುದು ಒಂದೇ ಸಲ. ಆದ್ದರಿಂದ ಕ್ಯಾನ್ ತೆರೆದ ಕೂಡಲೇ, ಓರೆಯಾಗಿ ಹಿಡಿದ ದೊಡ್ಡ ಗ್ಲಾಸಿಗೆ ಪೂರ್ತಿಯಾಗಿ, ನಿಲ್ಲಿಸದೆ ಸುರಿಯಬೇಕು. ಕ್ಯಾನಿನಲ್ಲೇ ಬಿಟ್ಟ ಅರ್ಧ ಭಾಗ ಆಮೇಲೆ ಸಪ್ಪೆ ಕಷಾಯವಾಗುತ್ತದೆ.

ನೈಟ್ರೋಜನ್ನೇ ಏಕೆ ಎಂಬುದನ್ನು ತಿಳಿದರೆ ಇದರ ರುಚಿಯೂ ತಿಳಿಯುತ್ತದೆ. ಸಾಮಾನ್ಯ ಬಿಯರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಸುಲಭವಾಗಿ ಕರಗಿ, ಹುಳಿಯಾಗಿ, ನಾಲಿಗೆಯನ್ನು ಚುರುಗುಟ್ಟಿಸುತ್ತದೆ. ನೈಟ್ರೋಜನ್ ಕರಗುವುದು ಅದಕ್ಕಿಂತ ಎಷ್ಟೋ ಪಟ್ಟು ಕಡಿಮೆ. ಸುಮಾರು ಮುಕ್ಕಾಲು ಪಾಲು ನೈಟ್ರೋಜನ್, ಕಾಲು ಪಾಲು ಇಂಗಾಲದ ಡೈಆಕ್ಸೈಡ್ ಇರುವ ಮಿಶ್ರಣವನ್ನು ಒತ್ತಡದಲ್ಲಿ ಸಣ್ಣ ರಂಧ್ರಗಳ ಮೂಲಕ ಹಾಯಿಸಿದಾಗ ಏಳುವ ಗುಳ್ಳೆಗಳು ಅತಿ ಚಿಕ್ಕವಾಗಿರುತ್ತವೆ, ಬೇಗನೆ ಒಡೆಯುವುದೂ ಇಲ್ಲ. ಕೆನೆಯಂತಹ ನೊರೆಯ ಗುಟ್ಟು ಇಷ್ಟೇ, ಅದರಲ್ಲಿ ಹಾಲಿನ ಅಂಶವೇನೂ ಇಲ್ಲ. 1759ರಿಂದ ಐರ್ಲೆಂಡಿನ ಡಬ್ಲಿನ್‌ನಲ್ಲಿ ನಡೆದುಬಂದ ಗಿನ್ನೆಸ್ ಕಂಪನಿಗೆ ನೈಟ್ರೋಜನ್ ವಿಧಾನವನ್ನು ಕೊಟ್ಟವರು ಕೇಂಬ್ರಿಜ್‌ನಲ್ಲಿ ಗಣಿತ ಓದಿದ್ದ ಮೈಕೆಲ್ ಆ್ಯಶ್, ಅದು ಬಳಕೆಗೆ ಬಂದದ್ದು 1959ರಲ್ಲಿ. ನೈಟ್ರೋಜನ್ ಚಿಮ್ಮಿಸುವ ಏರ್ಪಾಡಿರುವ ಕ್ಯಾನ್ ಮಾರುಕಟ್ಟೆಗೆ ಬರಲು 1988 ಆಗಬೇಕಾಯಿತು, ಅದು ಚೆಂಡಿನ ರೂಪ ಪಡೆದದ್ದು ಆಮೇಲೆ.

ನಲ್ಲಿಯಿಂದ ಕೊಡುವಲ್ಲಿ ಮುಕ್ಕಾಲು ಗ್ಲಾಸ್ ತುಂಬಿಸಿ, ಗುಳ್ಳೆ ನೆಲೆಗೊಳ್ಳುವವರೆಗೆ ಬಿಟ್ಟು, ಆಮೇಲೆ ಅಂಚಿನವರೆಗೆ ತುಂಬುವುದು ಕ್ರಮ. ಎಲ್ಲ ಸೇರಿ ಎರಡು ನಿಮಿಷ ಹಿಡಿಯುತ್ತದೆ. ಆ ಎರಡು ನಿಮಿಷ ಗ್ಲಾಸನ್ನು ಬೆಳಕಿಗಿಟ್ಟು ನೋಡುವುದೇ ಒಂದು ಸುಖ. ಗುಳ್ಳೆಗಳು ಮೇಲೇರುವ ಬದಲು ಗಾಜಿನ ಗೋಡೆಗುಂಟ ಕೆಳಗಿಳಿಯುತ್ತಿರುವಂತೆ ಕಾಣುತ್ತವೆ, ನಿಜಕ್ಕೂ ಇಳಿಯುತ್ತವೆ. ಕುದಿಯುವ ಗಂಜಿಯಲ್ಲಿ ನಡುವೆ ಎದ್ದ ಅಗುಳು ಅಂಚಿನಲ್ಲಿ ಇಳಿಯುವ ಹಾಗೆ, ಗ್ಲಾಸಿನ ಮಧ್ಯದಲ್ಲಿ ಮೇಲೆದ್ದ ಬಿಯರ್ ಅಂಚಿನಲ್ಲಿ ಇಳಿಯುವಾಗ ಚಿಕ್ಕ ಗುಳ್ಳೆಗಳನ್ನು ಜೊತೆಗೆಳೆಯುತ್ತದೆ. ಕೊನೆಗೆ ಕಪ್ಪೂ ಕೆನೆಬಣ್ಣವೂ ಬೇರ್ಪಟ್ಟು ನಿಲ್ಲುತ್ತವೆ. ಬೆಳಕಿಗೆ ಹಿಡಿದರೆ ಆ ಕಪ್ಪು ಕಡುಮಾಣಿಕ್ಯದ ಕೆಂಪೆಂದು ಗೊತ್ತಾಗುತ್ತದೆ.

ಮೊದಲ ಗುಟುಕನ್ನು ನೊರೆಯನ್ನು ಹೀರಿ ಮುಗಿಸಲು ಬಳಸದೆ, ನೊರೆಯಡಿಯ ಬಿಯರನ್ನೇ ಎಳೆದುಕೊಳ್ಳಬೇಕೆಂಬುದು ನನ್ನ ಅನುಭವದ ಮಾತು. ಆಗ ಮೊದಲು ನುಣುಪು, ಹಿಂದೆಯೇ ಹುರಿದ ಬಾರ್ಲಿಯ ಕಾಫಿಯಂತಹ ಕಹಿ, ಕೊನೆಗೆ ಒಣ ರುಚಿ, ಹೀಗೆ ಒಂದರ ಹಿಂದೊಂದು ಬರುತ್ತವೆ. ಮಂಜುಗಟ್ಟುವಷ್ಟು ತಣ್ಣಗಾದರೆ ಇವು ಯಾವುವೂ ನಾಲಿಗೆಗೆ ಸಿಗುವುದಿಲ್ಲ, 6ರಿಂದ 8 ಡಿಗ್ರಿ ಸೆಲ್ಸಿಯಸ್ ಸಾಕು. ಬಣ್ಣ ಕಂಡು ಇದು ಭಾರೀ ಅಮಲಿನದೆಂದು ಹೆದರುವವರೂ ಇದ್ದಾರೆ. ಗಿನ್ನೆಸ್ ಡ್ರಾಫ್ಟ್‌ನಲ್ಲಿರುವ ಮದ್ಯಸಾರ ಶೇ. 4.2 ಮಾತ್ರ, ನಮ್ಮಲ್ಲಿ ‘ಸ್ಟ್ರಾಂಗ್’ ಎಂದು ಮಾರುವ ಬಿಯರುಗಳಲ್ಲಿ ಅದು ಶೇ. 8ರವರೆಗೂ ಇರುತ್ತದೆ.

ಗಿರಾಕಿಗಳಲ್ಲೂ ಒಂದು ಬಿನ್ನಹ: ಮೇಲಿನ ಬೆರಳಗಲದ ನೊರೆಯನ್ನು ಅಳತೆಯ ಮೋಸವೆಂದು ತಿಳಿದು ಜಗಳಕ್ಕಿಳಿಯಬೇಡಿ. ಅದಿಲ್ಲದ ಗ್ಲಾಸನ್ನೇ ವಾಪಸು ಕಳಿಸಿ. ಜೊತೆಗೆ ಖಾರದ ಮಸಾಲಾ ಪಾಪಡ್ ಬೇಡ. ಐರ್ಲೆಂಡಿನವರು ಇದರೊಂದಿಗೆ ಸಿಂಪಿ ತಿನ್ನುತ್ತಾರೆ, ನಮ್ಮ ಅಡುಗೆಮನೆಗಳಲ್ಲಿ ಖಾರ ಕಡಿಮೆ ಮಾಡಿದ ಮರುವಾಯಿ (ಚಿಪ್ಪುಮೀನು) ಸುಕ್ಕ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಬಾರ್ ಮಾಲೀಕರು ನಲ್ಲಿಯ ಯಂತ್ರಕ್ಕೆ ಹಣ ಹಾಕುವ ಮೊದಲು ಗ್ಲಾಸ್ ತೊಳೆಯುವ ಕಡೆ ಗಮನ ಕೊಡಲಿ. ಬಟರ್ ಚಿಕನ್ನಿನ ತಟ್ಟೆಗಳ ಜೊತೆ ಒಂದೇ ನೀರಿನಲ್ಲಿ ಅದ್ದಿದ ಗ್ಲಾಸಿನಲ್ಲಿ ಜಿಡ್ಡು ಉಳಿದಿದ್ದರೆ ಎಂತಹ ನೊರೆಯೂ ಕುಸಿಯುತ್ತದೆ. ಬಿಯರ್ ಗ್ಲಾಸಿಗೆ ಬೇರೆ ತೊಟ್ಟಿ, ಬೇರೆ ಬ್ರಷ್ ಇಡಲಿ, ಸುರಿಯುವ ಹುಡುಗರಿಗೆ ಒಂದು ಮಧ್ಯಾಹ್ನ ಬಿಡುವು ಮಾಡಿ ಈ ಕ್ರಮ ಕಲಿಸಲಿ, ಒಂದು ಗ್ಲಾಸಿಗೆ ಎರಡು ನಿಮಿಷ ತೆಗೆದುಕೊಂಡರೆ ಕೌಂಟರಿನಿಂದ ಗದರಿಸದಿರಲಿ.

– ಓರ್ವ ಓದುಗ, ಮಾಟುಂಗಾ, ಮುಂಬಯಿ