ಬಣ್ಣವನ್ನೂ ಸದ್ದನ್ನೂ ಕೈಬಿಟ್ಟದ್ದೇಕೆ?

ಪ್ರಿಯ ಪೋಷಕರೇ, ಶಿಕ್ಷಕರೇ,

ಆಟಿಸಂ ಇರುವ ಮಕ್ಕಳು ನೆಮ್ಮದಿಗಾಗಿ ಕೈಯಲ್ಲಿ ಸವರುವ, ಬಾಯಲ್ಲಿ ಜಗಿಯುವ ಸಾಧನಗಳನ್ನು ನಮ್ಮ ಸಹಕಾರ ಸಂಘ ತಯಾರಿಸುತ್ತದೆ. ಇನ್ನು ಮುಂದೆ ತರಗತಿಗೆಂದು ನಾವು ತಯಾರಿಸುವ ಸಾಧನಗಳೆಲ್ಲ ಒಂದೇ ಬೂದು ಬಣ್ಣದಲ್ಲಿ, ಸದ್ದಿಲ್ಲದೆ ಬರುತ್ತವೆ. ಟಿಕ್ ಎನ್ನುವ ಗುಂಡಿಗಳ ಫಲಕವೂ ಮಿನುಗುವ ಚೆಂಡೂ ನಿಲ್ಲುತ್ತವೆ. ಇದರಿಂದ ನಿಮಗಾಗುವ ತೊಂದರೆಗೆ ಮನಸಾರೆ ಕ್ಷಮೆ ಕೇಳುತ್ತೇವೆ. ಆದರೆ ಈ ತೀರ್ಮಾನ ನಮಗೆ ಹೆಮ್ಮೆಯದೇ.

"ದುಡ್ಡು ಉಳಿಸಲು ಬಣ್ಣ ತೆಗೆದಿರಿ, ಮಗು ತಿರುಗಿಯೂ ನೋಡುವುದಿಲ್ಲ." ಎಷ್ಟೋ ಜನರಿಂದ ಕೇಳಿದ ಮಾತಿದು. ನೋಡದಿರಲಿ ಎಂದೇ ಹೀಗೆ ಮಾಡಿದ್ದೇವೆ. ಕೈಯಲ್ಲಿರುವ ವಸ್ತು ಕಣ್ಣನ್ನು ಸೆಳೆದರೆ ಕಪ್ಪುಹಲಗೆ ಮರೆತೇಹೋಗುತ್ತದೆ. ಬೆರಳು ತನ್ನಷ್ಟಕ್ಕೆ ಉಬ್ಬುತಗ್ಗುಗಳನ್ನು ಸವರುತ್ತಿರಬೇಕು, ಕಿವಿ ಪಾಠದ ಕಡೆಗಿರಬೇಕು. ಇನ್ನು ಸದ್ದಿನ ವಿಷಯ. ಟ್ಯೂಬ್‌ಲೈಟಿನ ಗುಂಯ್‌ಗುಟ್ಟುವಿಕೆಯನ್ನೂ ತಾಳಲಾರದ ಆಟಿಸಂ ಇರುವ ಮಕ್ಕಳಿದ್ದಾರೆ. ಸದ್ದನ್ನೇ ಹುಡುಕಿಕೊಂಡು ಹೋಗುವವರೂ ಇದ್ದಾರೆ. ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ 2013ರ ಡಿಎಸ್‌ಎಂ-5 ಕೈಪಿಡಿ ಈ ಎರಡು ಬಗೆಯ ಸಂವೇದನೆಯನ್ನೂ ಆಟಿಸಂನ ಲಕ್ಷಣಗಳಲ್ಲಿ ಸೇರಿಸಿತು. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತರೆ ಒಬ್ಬನ ನೆಮ್ಮದಿ ಇನ್ನೊಬ್ಬನಿಗೆ ಹಿಂಸೆ.

ದುಡ್ಡಿನ ಮಾತಿಗೂ ಉತ್ತರಿಸಬೇಕು, ಏಕೆಂದರೆ ಅದು ನಮ್ಮನ್ನು ನೋಯಿಸಿದೆ. ಸೀಸ, ಕ್ಯಾಡ್ಮಿಯಂನಂಥ ವಿಷಕಾರಿ ಲೋಹಗಳು ಇಲ್ಲವೆಂದು ಖಚಿತಪಡಿಸಲು ನಾವು ಪ್ರತಿ ಬಣ್ಣವನ್ನೂ ಪ್ರತ್ಯೇಕವಾಗಿ ಪರೀಕ್ಷೆಗೆ ಕಳುಹಿಸುತ್ತಿದ್ದೆವು. ಅಲ್ಲಿ ಉಳಿದ ಹಣ ಕೊರಳಿಗೆ ದಾರದಲ್ಲಿ ಹಾಕಿಕೊಂಡು ಜಗಿಯುವ ಪೆಂಡೆಂಟಿನ ಹೊಸ ಅಚ್ಚಿಗೆ ಹೋಗಿದೆ. ಬಾಚಿಹಲ್ಲಿನಿಂದ ಕಡಿಯುವ ಮಗುವಿಗೂ ದವಡೆಹಲ್ಲಿನಿಂದ ಜಗಿಯುವ ಮಗುವಿಗೂ ಒಂದೇ ದಪ್ಪ ಸಾಲದು. ಉಕ್ಕಿನ ಅಚ್ಚು ಮಾಡುವವರು ನೀವು ನೂರು ತೆಗೆಯುತ್ತೀರೋ ಲಕ್ಷ ತೆಗೆಯುತ್ತೀರೋ ಎಂದು ಕೇಳುವುದಿಲ್ಲ. ದೊಡ್ಡ ಕಾರ್ಖಾನೆ ಲಕ್ಷದ ಮೇಲೆ ಹಂಚುವ ಖರ್ಚನ್ನು ನಾವು ಕೆಲವೇ ನೂರರ ಮೇಲೆ ಹೊರುತ್ತೇವೆ. ಗಂಟಲಲ್ಲಿ ಸಿಕ್ಕಿಕೊಳ್ಳದಂತೆ, ಮೂರು ವರ್ಷದೊಳಗಿನವರ ಆಟಿಕೆಗಳ ಬಿಡಿಭಾಗ 31.7 ಮಿಲಿಮೀಟರ್ ವ್ಯಾಸದ ಕೊಳವೆಯೊಳಗೆ ಪೂರ್ತಿ ಇಳಿಯಬಾರದೆಂಬ ನಿಯಮವಿದೆ. ನಮ್ಮ ವಸ್ತು ಬಾಯಿಗೆ ಹೋಗುವುದರಿಂದ ಹತ್ತು ವರ್ಷದ ಮಗುವಿಗೂ ನಾವು ಅದೇ ಅಳತೆ ಹಿಡಿಯುತ್ತೇವೆ. ಎಳೆದರೆ ತಾನೇ ಕಳಚುವ ಕೊಂಡಿಯೂ ಅಗ್ಗದ್ದಲ್ಲ, ಆದರೆ ಅದಿಲ್ಲದೆ ಮಗುವಿನ ಕೊರಳಿಗೆ ದಾರ ಹಾಕಲು ನಮಗೆ ಮನಸ್ಸು ಬಾರದು.

ಹಳೆಯದಕ್ಕೆ ಒಗ್ಗಿದ ಮಗುವಿಗೆ ಈ ಬದಲಾವಣೆ ಕಷ್ಟವೆಂದು ಬಲ್ಲೆವು. ಅದನ್ನು ಕಿತ್ತುಕೊಳ್ಳಬೇಡಿ, ಹೊಸದನ್ನು ಪಕ್ಕದಲ್ಲಿಟ್ಟು ಕಾಯಿರಿ. ಮಗು ಒಪ್ಪದಿದ್ದರೆ ವಾಪಸು ಕಳುಹಿಸಿ, ಕಾರಣ ಕೇಳುವುದಿಲ್ಲ. ಉಳಿದಿರುವ ಬಣ್ಣದ ದಾಸ್ತಾನನ್ನು ಹೊಸ ಗ್ರಾಹಕರಿಗೆ ಮಾರುತ್ತಿಲ್ಲ. ಬೇರೆ ಯಾವುದನ್ನೂ ಮುಟ್ಟದ ಮಕ್ಕಳಿಗಾಗಿ ತೆಗೆದಿಟ್ಟಿದ್ದೇವೆ. ನಿಮ್ಮ ಮಗು ನೆಚ್ಚಿಕೊಂಡಿರುವುದು ಯಾವುದೆಂದು ಬರೆದು ತಿಳಿಸಿ, ಅದರ ಹೆಸರಿನಲ್ಲಿ ಎತ್ತಿಡುತ್ತೇವೆ.

ನಿಮ್ಮ ವಿಶ್ವಾಸಿಗಳು,
ಸಹಕಾರ ಸಂಘದ ಸದಸ್ಯರು